ನಿದ್ರಾಕ್ರಮಣವೆಂಬ ರೋಗ: ಅರಿವು ಮತ್ತು ಆಸರೆ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಕಾಸರಗೋಡಿನಲ್ಲಿ ನಡೆದ ಪೋಷಕರ ಹಾಗೂ ಅಧ್ಯಾಪಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ಸಂಘದ ಉತ್ಸವದಲ್ಲಿ ಮಾತನಾಡಲು ಎದ್ದು ನಿಂತರೆ ಕುಮಾರವ್ಯಾಸನನ್ನೋ ನಮ್ಮ ಕುಂಬಳೆಯ ಪಾರ್ತಿಸುಬ್ಬನನ್ನೋ ಕುರಿತು ಮಾತನಾಡಿಯಾನೆಂದು ಸಭಿಕರು ನಿರೀಕ್ಷಿಸುವುದು ಸಹಜವೇ ಆಗಿದೆ. ಕಳೆದ ವರ್ಷಗಳಲ್ಲಿ ನಾವೂ ಅದನ್ನೇ ಮಾಡುತ್ತ ಬಂದಿದ್ದೇವೆ. ಈ ಸಲ ಮಾತ್ರ ಕಾರ್ಯದರ್ಶಿಗಳ ಅನುಮತಿ ಪಡೆದು ಒಂದು ರೋಗದ ವಿಚಾರವನ್ನು ಎತ್ತಿಕೊಂಡಿದ್ದೇವೆ. ನಾವು ವೈದ್ಯರಲ್ಲ. ವೈದ್ಯರು ಹೇಳಿದುದನ್ನು ಕೇಳಿ, ಪುಸ್ತಕಗಳನ್ನು ಓದಿ, ತಿಳಿದಷ್ಟನ್ನು ನಮ್ಮ ಮಾತಿನಲ್ಲಿ ತಮ್ಮ ಮುಂದೆ ಇಡುವುದಷ್ಟೇ ನಮ್ಮ ಉದ್ದೇಶ. ಹೀಗೆ ಇಡಬೇಕೆಂದು ಅನಿಸುವುದಕ್ಕೆ ಒಂದು ಕಾರಣವಿದೆ. ಆ ಕಾರಣವು ನಮಗೆ ಹೆಮ್ಮೆ ತರುವಂಥದಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಹನ್ನೆರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ನಮಗೊಬ್ಬ ವಿದ್ಯಾರ್ಥಿಯಿದ್ದನು. ಅಡಿಕೆತೋಟದ ಮನೆಯ ಹುಡುಗ. ಎಂಟನೆಯ ತರಗತಿಯವರೆಗೆ ಓದಿನಲ್ಲಿ ಮುಂದಿದ್ದವನು. ಆ ವರ್ಷ ಮಳೆಗಾಲ ಕಳೆದ ಮೇಲೆ ಅವನು ತರಗತಿಯಲ್ಲಿ ನಿದ್ದೆ ಮಾಡತೊಡಗಿದನು. ಮಧ್ಯಾಹ್ನ ಊಟದ ಅನಂತರ ಮಕ್ಕಳು ತೂಕಡಿಸುವುದು ಎಲ್ಲ ಅಧ್ಯಾಪಕರೂ ಬಲ್ಲ ವಿಷಯ. ಇವನಾದರೋ ಬೆಳಗಿನ ಮೊದಲ ಪಾಠದಲ್ಲಿಯೇ, ಪ್ರಶ್ನೆಗೆ ಉತ್ತರ ಹೇಳಿ ಕುಳಿತು ಐದು ನಿಮಿಷವಾಗುವಷ್ಟರಲ್ಲಿಯೇ, ನಿದ್ದೆಹೋಗುತ್ತಿದ್ದನು. "ನಿನ್ನೆ ರಾತ್ರಿ ಆಟಕ್ಕೆ ಹೋಗಿದ್ದೆಯೋ?" ಎಂದು ಕೇಳುತ್ತಿದ್ದೆವು. ಇಲ್ಲವೆನ್ನುತ್ತಿದ್ದನು. ನಾವು ನಂಬುತ್ತಿರಲಿಲ್ಲ.

ಅವನ ಕನ್ನಡ ನೋಟುಪುಸ್ತಕವನ್ನು ನೋಡಿದಾಗಲೂ ನಮಗೆ ಎಚ್ಚರವಾಗಬೇಕಿತ್ತು. ಪುಟದ ಮೇಲ್ಭಾಗದಲ್ಲಿ ಮುತ್ತಿನಂಥ ದುಂಡಕ್ಷರ. ನಾಲ್ಕೈದು ಸಾಲಿನ ಕೆಳಗೆ ಅಕ್ಷರಗಳು ಒಂದರ ಮೇಲೊಂದು ಬಿದ್ದು, ಗೆರೆ ಬಿಟ್ಟು ಕೆಳಕ್ಕೆ ಜಾರಿ, ಕೊನೆಗೆ ಬರಿಯ ಗೀಚು. ನಡುವೆ ಪಾಠಕ್ಕೆ ಯಾವ ಸಂಬಂಧವೂ ಇಲ್ಲದ ಎರಡು ಪದಗಳು. ಅದನ್ನು ನಾವು ಅಜಾಗ್ರತೆಯೆಂದು ಬಗೆದು ಕೆಂಪು ಶಾಯಿಯಲ್ಲಿ ಹಾಗೆಯೇ ಬರೆದೆವು.

ಒಂದು ದಿನ ಅವನನ್ನು ತರಗತಿಯ ಹಿಂಭಾಗದಲ್ಲಿ ನಿಲ್ಲಿಸಿದೆವು. ನಿಂತಲ್ಲಿಯೇ ಅವನ ಕಣ್ಣು ಮುಚ್ಚಿತು. ಆಗ ನಾವು ಕುಂಭಕರ್ಣನ ಹೆಸರೆತ್ತಿ ಒಂದು ಹಾಸ್ಯದ ಮಾತನ್ನಾಡಿದೆವು. ತರಗತಿಯೆಲ್ಲ ನಕ್ಕಿತು. ಎಚ್ಚರಗೊಂಡ ಆ ಹುಡುಗನೂ ನಕ್ಕನು. ನಗುತ್ತಿದ್ದಂತೆಯೇ ಅವನ ದವಡೆ ಸಡಿಲವಾಯಿತು, ತಲೆ ಎದೆಯ ಮೇಲೆ ಬಾಗಿತು, ಮೊಣಕಾಲು ಕುಸಿದು ಬಟ್ಟೆಯ ಗಂಟಿನಂತೆ ನೆಲದ ಮೇಲೆ ಕುಳಿತುಬಿಟ್ಟನು. ಅರ್ಧ ನಿಮಿಷದಲ್ಲಿ ತಾನಾಗಿಯೇ ಎದ್ದನು. ನಮ್ಮ ಮಾತಿಗೆ ಎದುರಾಗಿ ಅಣಕದ ನಟನೆ ಮಾಡಿದನೆಂದು ತಿಳಿದು ನಾವು ಅವನನ್ನು ಹೊರಗೆ ಕಳುಹಿಸಿದೆವು. ಮರುದಿನ ತಂದೆಯನ್ನು ಕರೆಸಿ ಎಲ್ಲರೆದುರಿಗೆ ದೂರು ಹೇಳಿದೆವು.

ಆ ತಂದೆ ಪಟ್ಟ ಪಾಡನ್ನು ಮುಂದೆ ತಿಳಿದೆವು. ರಾತ್ರಿ ಮಲಗಿದ ಹುಡುಗನು, ಕೋಣೆಯಲ್ಲಿ ಯಾರೋ ನಿಂತಿದ್ದಾರೆ, ಎದೆಯ ಮೇಲೆ ಕುಳಿತಿದ್ದಾರೆ, ಕೂಗಲು ಬಾಯಿ ಬರುವುದಿಲ್ಲ ಎನ್ನುತ್ತಿದ್ದನು. ಮನೆಯವರು ಪ್ರಶ್ನೆ ಇಡಿಸಿದರು, ನೂಲು ಕಟ್ಟಿಸಿದರು, ಹರಕೆ ಹೊತ್ತರು. ಯಾವುದರಿಂದಲೂ ಗುಣವಾಗದಿರಲು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಎದುರಾದುದು ಭಾಷೆಯ ತೊಡಕು. ಕನ್ನಡ, ತುಳುಗಳನ್ನು ಬಿಟ್ಟು ಬೇರೆ ಬಾರದ ತಂದೆಯು, ಕೇಳಿ ಕಲಿತ ನಾಲ್ಕು ಮಲಯಾಳದ ಮಾತುಗಳಲ್ಲಿ ಮಗನಿಗೆ 'ತಲಕರಕ್ಕಂ' ಎಂದರು, ಬೀಳುತ್ತಾನೆ ಎಂದರು. ತಲೆಸುತ್ತು ಬಂದು ಬೀಳುವವನೆಂದು ಬರೆಯಲಾಯಿತು. ಬಳಿಕ ಅಪಸ್ಮಾರವಿರಬೇಕೆಂದು ಎರಡು ವರ್ಷ ಅದಕ್ಕೆ ಔಷಧ ನಡೆಯಿತು. 'ನಗುವಾಗ ಬೀಳುತ್ತಾನೆ' ಎಂಬ ಒಂದು ವಾಕ್ಯ ಯಾರ ಕಿವಿಗೂ ತಲುಪಲಿಲ್ಲ. ಅದು ತಲುಪಿದ್ದು ಅವನಿಗೆ ಇಪ್ಪತ್ತಮೂರು ತುಂಬಿದಾಗ, ಬೇರೊಂದು ಊರಿನಲ್ಲಿ, ಕನ್ನಡ ಬಲ್ಲ ನರರೋಗತಜ್ಞರೊಬ್ಬರು ತಾವಾಗಿ ಕೇಳಿದಾಗ. ಅನಂತರ ನಡೆದ ಪರೀಕ್ಷೆಗಳಿಂದ ರೋಗ ಖಚಿತವಾಯಿತು.

ಆ ಕಾಗದಗಳನ್ನು ಹಿಡಿದುಕೊಂಡು ಅವನು ನಮ್ಮ ಮನೆಗೆ ಬಂದನು. ಜಗಲಿಯಲ್ಲಿ ಕುಳಿತು ಮೊದಲು ಆಡಿದ ಮಾತು ಇದು: "ಸರ್, ಆ ದಿನ ನಾನು ನಟನೆ ಮಾಡಿದ್ದಲ್ಲ." ಒಂಬತ್ತು ವರ್ಷ ಅವನು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನು. ನಾವು ಕ್ಷಮೆ ಕೇಳಿದೆವು. ಅವನು, "ನಿಮಗೆ ಗೊತ್ತಿರಲಿಲ್ಲ ಸರ್, ನನಗೂ ಗೊತ್ತಿರಲಿಲ್ಲ" ಎಂದನು. ಅವನ ಒಪ್ಪಿಗೆಯನ್ನು ಪಡೆದು, ಹೆಸರು ಊರುಗಳನ್ನು ಬಿಟ್ಟು, ಇದನ್ನು ಇಲ್ಲಿ ಹೇಳುತ್ತಿದ್ದೇವೆ. ಗೊತ್ತಿಲ್ಲದಿರುವುದು ಅಂದು ನಮ್ಮ ತಪ್ಪಾಗಿರಲಿಲ್ಲವೆಂದೇ ಇಟ್ಟುಕೊಳ್ಳೋಣ; ಗೊತ್ತಾದ ಮೇಲೆ ಸುಮ್ಮನಿರುವುದು ತಪ್ಪೇ ಸರಿ.

ಈ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ನಾರ್ಕೊಲೆಪ್ಸಿ ಎಂದು ಹೆಸರು. ಫ್ರಾನ್ಸಿನ ವೈದ್ಯ ಗೆಲಿನೊ ಎಂಬವರು ೧೮೮೦ರಲ್ಲಿ ಈ ಹೆಸರಿಟ್ಟರು. ಜರ್ಮನಿಯ ವೆಸ್ಟ್‌ಫಾಲರು ೧೮೭೭ರಲ್ಲಿಯೇ ಇಂಥ ರೋಗಿಯ ವರ್ಣನೆ ಮಾಡಿದ್ದರು. ಗ್ರೀಕ್ ಭಾಷೆಯಲ್ಲಿ ಮರವಟ್ಟಿರುವುದು, ಹಿಡಿದುಕೊಳ್ಳುವುದು ಎಂಬರ್ಥದ ಎರಡು ಪದಗಳು ಸೇರಿ ಈ ಶಬ್ದವಾಗಿದೆ. ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕೆಂದು ನಾವು ಬಹಳ ಯೋಚಿಸಿದೆವು. 'ನಿದ್ರಾವೇಶ' ಎಂದರೆ ಅರ್ಥ ಹೊಂದೀತು. ಆದರೆ ನಮ್ಮ ನಾಡಿನಲ್ಲಿ ಆವೇಶವೆಂದರೆ ಮೈಮೇಲೆ ಬರುವುದೆಂದೇ ರೂಢಿ. ಯಾವ ತಪ್ಪು ತಿಳಿವಳಿಕೆಯನ್ನು ಕಳೆಯಬೇಕೋ ಅದನ್ನೇ ಆ ಪದವು ಬೆಳೆಸೀತು. ಆದುದರಿಂದ 'ನಿದ್ರಾಕ್ರಮಣ' ಎಂದಿದ್ದೇವೆ. ಇದು ತಮ್ಮ ತಿಳಿವಿಗಾಗಿ ಮಾತ್ರ. ಆಸ್ಪತ್ರೆಯಲ್ಲಿ ಹೇಳುವಾಗ ನಾರ್ಕೊಲೆಪ್ಸಿ ಎಂಬ ಮೂಲನಾಮವನ್ನೇ ಹೇಳತಕ್ಕದ್ದು.

ಇದರ ಲಕ್ಷಣಗಳು ಐದು. ಮೊದಲನೆಯದು, ರಾತ್ರಿ ಬೇಕಾದಷ್ಟು ಮಲಗಿದರೂ ಹಗಲಿನಲ್ಲಿ ತಡೆಯಲಾಗದ ನಿದ್ದೆ. ಇದು ಎಲ್ಲ ರೋಗಿಗಳಲ್ಲಿಯೂ ಉಂಟು. ಎರಡನೆಯದು, ನಗು, ಸಿಟ್ಟು, ಆಶ್ಚರ್ಯ ಮೊದಲಾದ ಭಾವಗಳು ಉಕ್ಕಿದಾಗ ಸ್ನಾಯುಗಳು ಒಮ್ಮೆಲೆ ಸಡಿಲಗೊಳ್ಳುವುದು; ಇದಕ್ಕೆ ಕ್ಯಾಟಪ್ಲೆಕ್ಸಿ ಎಂದು ಹೆಸರು, ನಾವು ಸ್ನಾಯುಶೈಥಿಲ್ಯವೆನ್ನೋಣ. ಕೆಲವರಲ್ಲಿ ರೆಪ್ಪೆ ಜೋಲುವುದು, ಮಾತು ತೊದಲುವುದು, ಕೈಯ ವಸ್ತು ಜಾರುವುದು, ಇಷ್ಟೇ. ಕೆಲವರು ಕುಸಿದು ಬೀಳುತ್ತಾರೆ. ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಅಂಶವೆಂದರೆ, ಬಿದ್ದವರಿಗೆ ಪ್ರಜ್ಞೆ ತಪ್ಪಿರುವುದಿಲ್ಲ. ಸುತ್ತ ಆಡುವ ಮಾತೆಲ್ಲ ಅವರಿಗೆ ಕೇಳಿಸುತ್ತಿರುತ್ತದೆ. ಅಪಸ್ಮಾರಕ್ಕೂ ಇದಕ್ಕೂ ಇರುವ ದೊಡ್ಡ ಭೇದವಿದು. ಮೂರನೆಯದು, ನಿದ್ದೆ ಹತ್ತುವಾಗ ಅಥವಾ ಏಳುವಾಗ ಕೈಕಾಲು ಅಲುಗಿಸಲಾಗದ ಸ್ತಂಭನ. ನಾಲ್ಕನೆಯದು, ಆ ಹೊತ್ತಿನಲ್ಲಿಯೇ ಕಾಣುವ, ಕೇಳಿಸುವ, ನಿಜವೆಂದೇ ತೋರುವ ಭ್ರಮೆಗಳು. ಐದನೆಯದು, ರಾತ್ರಿಯ ನಿದ್ದೆ ಪದೇ ಪದೇ ಮುರಿಯುವುದು. ಎಲ್ಲರಲ್ಲಿಯೂ ಐದೂ ಇರಬೇಕೆಂದಿಲ್ಲ. ಆರೋಗ್ಯವಂತರಿಗೂ ಎಂದಾದರೊಮ್ಮೆ ಸ್ತಂಭನವು ಆಗುವುದುಂಟು. ಅಷ್ಟರಿಂದಲೇ ರೋಗವೆಂದು ಹೆದರಬೇಕಾದುದಿಲ್ಲ.

ಇಷ್ಟೆಲ್ಲ ಏಕೆ ಆಗುತ್ತದೆ? ನಮ್ಮ ಹಿರಿಯರು ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂದು ಮೂರು ಅವಸ್ಥೆಗಳನ್ನು ಹೇಳಿದ್ದಾರೆ. ಇವುಗಳ ನಡುವಣ ಗಡಿ ಗಟ್ಟಿಯಾಗಿದ್ದರೆ ಮನುಷ್ಯನಿಗೆ ಸ್ವಾಸ್ಥ್ಯ. ೧೯೫೩ರಲ್ಲಿ ಅಮೆರಿಕದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ನಿದ್ದೆಯ ನಡುವೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಒಂದು ಘಟ್ಟವಿದೆಯೆಂದು ಪ್ರಕಟಿಸಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆ ಘಟ್ಟದಲ್ಲಿ. ಕನಸಿನಲ್ಲಿ ಓಡುವವನು ಹಾಸಿಗೆಯಿಂದ ಎದ್ದು ಓಡದಂತೆ ಆಗ ದೇಹದ ಸ್ನಾಯುಗಳೆಲ್ಲ ಕಟ್ಟಿಹಾಕಿದಂತಿರುತ್ತವೆ. ಸಾಮಾನ್ಯರಲ್ಲಿ ಈ ಘಟ್ಟವು ನಿದ್ದೆ ಹತ್ತಿ ಸುಮಾರು ಒಂದೂವರೆ ಗಂಟೆ ಕಳೆದ ಮೇಲೆ ಬರುತ್ತದೆ. ಈ ರೋಗಿಗಳಲ್ಲಿ ಹದಿನೈದು ನಿಮಿಷಗಳೊಳಗೇ ಬಂದುಬಿಡುವುದುಂಟು. ಕನಸಿನ ಅವಸ್ಥೆಯು ಗಡಿ ದಾಟಿ ಎಚ್ಚರದೊಳಕ್ಕೆ ನುಗ್ಗಿದರೆ, ಸ್ನಾಯುಗಳ ಆ ಕಟ್ಟು ಹಗಲಿನಲ್ಲಿಯೇ ಬಿದ್ದು ನಗುವವನು ಕುಸಿಯುತ್ತಾನೆ. ಕಣ್ಣು ತೆರೆದವನಿಗೆ ಕನಸಿನ ರೂಪಗಳು ಕೋಣೆಯಲ್ಲಿ ನಿಂತಂತೆ ಕಾಣುತ್ತವೆ. ಎದೆಯ ಮೇಲೆ ಕುಳಿತುದು ಕುಲೆಯಲ್ಲ, ಪ್ರೇತವಲ್ಲ. ಅರೆಎಚ್ಚರದಲ್ಲಿ ಕಂಡ ಕನಸು.

ಇದರ ಮೂಲವು ತಿಳಿದುಬಂದುದು ತೀರ ಈಚೆಗೆ. ಮಿದುಳಿನ ತಳಭಾಗದ ಹೈಪೊಥಲಾಮಸ್ ಎಂಬಲ್ಲಿ ಕೆಲವು ನರಕೋಶಗಳು ಒರೆಕ್ಸಿನ್, ಅಥವಾ ಹೈಪೊಕ್ರೆಟಿನ್, ಎಂಬ ದ್ರವ್ಯವನ್ನು ಉತ್ಪಾದಿಸುತ್ತವೆಂದು ೧೯೯೮ರಲ್ಲಿ ಎರಡು ತಂಡಗಳು ಕಂಡುಹಿಡಿದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ರೋಗವುಳ್ಳ ನಾಯಿಗಳನ್ನು ಸಾಕಿ ಬಹುಕಾಲ ಅಧ್ಯಯನ ನಡೆಸಿದ್ದರು. ಆ ದ್ರವ್ಯವನ್ನು ಗ್ರಹಿಸುವ ಅಂಶದಲ್ಲಿನ ದೋಷವೇ ನಾಯಿಗಳ ರೋಗಕ್ಕೆ ಕಾರಣವೆಂದು ೧೯೯೯ರಲ್ಲಿ ತಿಳಿಯಿತು. ಮರುವರ್ಷ, ಮನುಷ್ಯರಲ್ಲಿ ಈ ಕೋಶಗಳೇ ನಾಶವಾಗಿರುತ್ತವೆಂದು ಗೊತ್ತಾಯಿತು. ಮಿದುಳಿನಲ್ಲಿರುವ ಅಸಂಖ್ಯಾತ ಕೋಶಗಳಲ್ಲಿ ಇವು ಸುಮಾರು ೭೦,೦೦೦ ಮಾತ್ರ. ಇಷ್ಟು ಕಿರಿದಾದ ಕಾವಲುಪಡೆ ಅಳಿದರೆ ಎಚ್ಚರದ ಕೋಟೆ ಸಡಿಲವಾಗುತ್ತದೆ. ದೇಹವನ್ನು ರಕ್ಷಿಸಬೇಕಾದ ಶಕ್ತಿಯೇ ತಪ್ಪಿ ಈ ಕೋಶಗಳ ಮೇಲೆ ತಿರುಗಿಬೀಳುತ್ತದೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಸ್ನಾಯುಶೈಥಿಲ್ಯವಿಲ್ಲದ ಎರಡನೆಯ ಬಗೆಯೊಂದೂ ಉಂಟು. ಅದರಲ್ಲಿ ಈ ದ್ರವ್ಯವು ಸಾಮಾನ್ಯವಾಗಿ ಕುಗ್ಗಿರುವುದಿಲ್ಲ.

ಇದರಿಂದ ಮೂರು ಮಾತು ಸಿದ್ಧವಾಗುತ್ತವೆ. ಇದು ಸೋಮಾರಿತನವಲ್ಲ. ಇದು ಹುಚ್ಚಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವಂಥದಲ್ಲ. ಮದುವೆಯ ಮಾತು ಬಂದಾಗ ವಂಶದ ಪ್ರಶ್ನೆ ಏಳುತ್ತದೆಯಾಗಿ ಅದನ್ನೂ ಹೇಳುತ್ತೇವೆ: ರೋಗಿಯ ಮಕ್ಕಳಿಗಾಗಲಿ ಒಡಹುಟ್ಟಿದವರಿಗಾಗಲಿ ಇದು ಬರುವ ಸಂಭವ ನೂರಕ್ಕೆ ಒಂದೆರಡು ಮಾತ್ರವೆಂದು ತಜ್ಞರು ಹೇಳುತ್ತಾರೆ. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಸುಮಾರು ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಈ ರೋಗವಿರುತ್ತದೆ. ಹೆಚ್ಚಿನವರಲ್ಲಿ ಇದು ತೊಡಗುವುದು ಹತ್ತರಿಂದ ಇಪ್ಪತ್ತೈದು ವರ್ಷದೊಳಗೆ, ಅಂದರೆ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿರುವ ಕಾಲದಲ್ಲಿ. ರೋಗ ಕಾಣಿಸಿಕೊಂಡಂದಿನಿಂದ ಹೆಸರು ತಿಳಿಯುವವರೆಗೆ ಎಂಟು ಹತ್ತು ವರ್ಷ ಕಳೆಯುವುದು ಮುಂದುವರಿದ ದೇಶಗಳಲ್ಲಿಯೂ ಅಪೂರ್ವವಲ್ಲ. ನಮ್ಮ ಹುಡುಗನಿಗೆ ಒಂಬತ್ತು ವರ್ಷ ಹಿಡಿಯಿತೆಂದೆವಷ್ಟೆ. ಆ ವರ್ಷಗಳಲ್ಲಿ ಓದು, ಉದ್ಯೋಗ, ಸ್ನೇಹಗಳೆಲ್ಲ ನಿರ್ಣಯವಾಗಿಬಿಡುತ್ತವೆ. ಆ ಅವಧಿಯನ್ನು ಕಿರಿದುಗೊಳಿಸಬಲ್ಲವರು ವೈದ್ಯರಿಗಿಂತ ಮೊದಲು ತಾಯಿತಂದೆಯರು ಮತ್ತು ಅಧ್ಯಾಪಕರು.

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ನಾವು ಮಕ್ಕಳಿಂದ ವಿಸ್ತರಿಸಿ ಬರೆಯಿಸುತ್ತೇವೆ. ಸಂತೆಯಲ್ಲಿ ನಿದ್ದೆಹೋದವನಿಗೆ ಚಿಂತೆ ಇಲ್ಲವೆಂದು ಇನ್ನು ಮುಂದೆ ಅಷ್ಟು ಸುಲಭವಾಗಿ ನಿರ್ಣಯಿಸದಿರೋಣ.

ಇನ್ನು ಏನು ಮಾಡಬೇಕೆಂಬ ವಿಚಾರ. ಮಗು ಹಗಲಿನಲ್ಲಿ ಅತಿಯಾಗಿ ನಿದ್ರಿಸಿದರೆ ಒಮ್ಮೆಲೆ ಈ ರೋಗವೆಂದು ತೀರ್ಮಾನಿಸಲಾಗದು. ರಾತ್ರಿ ಹೊತ್ತು ಮೀರಿ ಫೋನು ನೋಡುವುದು, ಗೊರಕೆಯೊಂದಿಗೆ ಉಸಿರು ಕಟ್ಟುವುದು, ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಖಿನ್ನತೆ, ಬೇರೆ ಔಷಧಗಳು, ಇವೆಲ್ಲವೂ ನಿದ್ದೆಗೆ ಕಾರಣವಾಗಬಲ್ಲವು. ಆದುದರಿಂದ ಮೊದಲು ಎರಡು ವಾರ ಒಂದು ದಿನಚರಿ ಬರೆಯಿರಿ. ಮಲಗಿದ ಹೊತ್ತು, ಎದ್ದ ಹೊತ್ತು, ಹಗಲಿನಲ್ಲಿ ನಿದ್ದೆ ಬಂದ ಹೊತ್ತು, ನಕ್ಕಾಗ ಅಥವಾ ಸಿಟ್ಟು ಬಂದಾಗ ಆದ ಬದಲಾವಣೆ, ಇಷ್ಟನ್ನು ದಿನವೂ ಗುರುತು ಹಾಕಿದರೆ ಸಾಕು. ಬೀಳುವುದನ್ನು ಮನೆಯವರು ಫೋನಿನಲ್ಲಿ ಚಿತ್ರೀಕರಿಸಿದರೆ ವೈದ್ಯರಿಗೆ ಹತ್ತು ಮಾತಿಗಿಂತ ಹೆಚ್ಚಿನ ಉಪಕಾರ.

ಮೆಲ್ಬೋರ್ನಿನ ವೈದ್ಯ ಮರ್ರೆ ಜಾನ್ಸ್ ಅವರು ೧೯೯೧ರಲ್ಲಿ ಪ್ರಕಟಿಸಿದ ಎಪ್ವರ್ತ್ ಮಾಪಕವೆಂಬುದೊಂದಿದೆ. ಕುಳಿತು ಓದುವಾಗ, ಟಿ.ವಿ. ನೋಡುವಾಗ, ಸಭೆಯಲ್ಲಿ ಸುಮ್ಮನೆ ಕುಳಿತಾಗ, ವಾಹನದಲ್ಲಿ ಪ್ರಯಾಣಿಸುವಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಂಭವಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವುದು. ಒಟ್ಟು ೨೪ರಲ್ಲಿ ಹತ್ತಕ್ಕಿಂತ ಹೆಚ್ಚಾದರೆ ವೈದ್ಯರನ್ನು ಕಾಣಬೇಕೆಂದರ್ಥ. ಇದು ರೋಗನಿರ್ಣಯವಲ್ಲ, ಸೂಚನೆ ಮಾತ್ರ.

ಕಾಣಬೇಕಾದುದು ನರರೋಗತಜ್ಞರನ್ನು, ಅಥವಾ ನಿದ್ರಾವೈದ್ಯದಲ್ಲಿ ಪರಿಣತರಾದವರನ್ನು. ನಿರ್ಣಯಕ್ಕೆ ಬೇಕಾದ ಪರೀಕ್ಷೆ ಎರಡು ಭಾಗದ್ದು. ಒಂದು ರಾತ್ರಿ ಪ್ರಯೋಗಾಲಯದಲ್ಲಿ ಮಲಗಿಸಿ, ತಲೆಗೂ ಮೈಗೂ ತಂತಿಗಳನ್ನು ಅಂಟಿಸಿ, ನಿದ್ದೆಯ ಘಟ್ಟಗಳನ್ನು ದಾಖಲಿಸುತ್ತಾರೆ, ನೋವೇನೂ ಇಲ್ಲ. ಮರುದಿನ ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಸಲ ಮಲಗಲು ಅವಕಾಶ ಕೊಟ್ಟು ಎಷ್ಟು ಬೇಗ ನಿದ್ದೆ ಹತ್ತುವುದೆಂದು ಅಳೆಯುತ್ತಾರೆ. ಸರಾಸರಿ ಎಂಟು ನಿಮಿಷ ಅಥವಾ ಅದಕ್ಕೂ ಬೇಗ ನಿದ್ದೆ ಹತ್ತಿ, ಕನಿಷ್ಠ ಎರಡು ಸಲ ಕನಸಿನ ಘಟ್ಟವು ಕೂಡಲೇ ಬಂದರೆ ರೋಗದ ಕಡೆಗೆ ಬೊಟ್ಟು ಮಾಡುತ್ತದೆ. ಕೆಲವು ಔಷಧಗಳು ಈ ಪರೀಕ್ಷೆಯ ಫಲವನ್ನು ಕೆಡಿಸುತ್ತವೆ, ಆದುದರಿಂದ ಸೇವಿಸುತ್ತಿರುವ ಮಾತ್ರೆಗಳೆಲ್ಲದರ ಪಟ್ಟಿಯನ್ನು ಮೊದಲೇ ತೋರಿಸಬೇಕು, ತಾವಾಗಿ ನಿಲ್ಲಿಸಕೂಡದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿಯೂ ನಿದ್ರಾರೋಗಗಳ ವಿಭಾಗವಿದೆ. ಎರಡೂ ನಮಗೆ ಒಂದು ರಾತ್ರಿಯ ಪ್ರಯಾಣ. ಹೊರಡುವ ಮೊದಲು ಹತ್ತಿರದ ತಜ್ಞರ ಪತ್ರವನ್ನು ಪಡೆದು, ದಿನವನ್ನು ನಿಗದಿಪಡಿಸಿಕೊಂಡೇ ಹೋಗತಕ್ಕದ್ದು.

ಪೂರ್ತಿಯಾಗಿ ಗುಣಪಡಿಸುವ ಔಷಧ ಈವರೆಗೆ ಇಲ್ಲ. ಆದರೆ ಹತೋಟಿಯಲ್ಲಿಡುವ ಉಪಾಯಗಳು ಉಂಟು. ಹಗಲು ಎಚ್ಚರವಾಗಿರಲು ಮೊಡಾಫಿನಿಲ್ ಎಂಬ ಮಾತ್ರೆಯನ್ನೂ, ಸ್ನಾಯುಶೈಥಿಲ್ಯಕ್ಕೆ ವೆನ್ಲಾಫಾಕ್ಸಿನ್ ಮೊದಲಾದವನ್ನೂ ವೈದ್ಯರು ಕೊಡುತ್ತಾರೆ. ಎರಡನೆಯ ಜಾತಿಯ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಬೀಳುವುದು ಮೊದಲಿಗಿಂತ ಹೆಚ್ಚಾದೀತು. ಮೊಡಾಫಿನಿಲ್ ಸೇವಿಸುವ ಸ್ತ್ರೀಯರು, ಅದು ಗರ್ಭನಿರೋಧಕ ಮಾತ್ರೆಗಳ ಬಲವನ್ನು ಕುಗ್ಗಿಸುತ್ತದೆಂಬುದನ್ನು ತಿಳಿದಿರಬೇಕು. ಸಂಕೋಚಪಡದೆ ವೈದ್ಯರಲ್ಲಿ ಈ ಮಾತನ್ನು ಎತ್ತಬೇಕು. ಪರೀಕ್ಷೆಗೆ ಓದುವ ಮಕ್ಕಳು ನಿದ್ದೆಗೆಡಲೆಂದು ಇಂಥ ಮಾತ್ರೆಗಳನ್ನು ಕದ್ದು ನುಂಗುವುದು ಅಪಾಯಕರವೆಂದು ಇದೇ ಸಂದರ್ಭದಲ್ಲಿ ವಿದ್ಯಾರ್ಥಿಮಿತ್ರರಿಗೆ ಎಚ್ಚರಿಸುತ್ತೇವೆ.

ಮಾತ್ರೆಯಷ್ಟೇ ಮುಖ್ಯವಾದುದು ದಿನದ ಕ್ರಮ. ಆಹಾರದೊಂದಿಗೆ ನಿದ್ರೆಯನ್ನೂ ಶರೀರದ ಆಧಾರಗಳಲ್ಲೊಂದೆಂದು ಚರಕಾಚಾರ್ಯರು ಎಣಿಸಿದ್ದಾರೆ. ರಾತ್ರಿ ಒಂದೇ ಹೊತ್ತಿಗೆ ಮಲಗಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು. ಹಗಲಿನಲ್ಲಿ ಗೊತ್ತಾದ ವೇಳೆಗೆ ಒಂದೆರಡು ಸಲ ಹದಿನೈದು ಇಪ್ಪತ್ತು ನಿಮಿಷ ಮಲಗುವುದು. ಮಧ್ಯಾಹ್ನದ ಊಟವನ್ನು ಹಗುರ ಮಾಡುವುದು. ಇವುಗಳಿಂದ ಬಹಳ ಪ್ರಯೋಜನವಿದೆ. ರೋಗ ಹತೋಟಿಗೆ ಬಂದಿದೆಯೆಂದು ವೈದ್ಯರು ಹೇಳುವವರೆಗೆ ಬೈಕು, ಕಾರು ಓಡಿಸಬಾರದು. ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಕೆಲವು ಎಚ್ಚರಿಕೆ ಬೇಕು: ಅಡಿಕೆಮರ, ತೆಂಗಿನಮರ ಹತ್ತಬಾರದು, ತೋಟದ ಕೆರೆಗೆ ಒಬ್ಬಂಟಿಯಾಗಿ ಇಳಿಯಬಾರದು, ಉರಿಯುವ ಒಲೆಯ ಮುಂದೆ ಒಬ್ಬರನ್ನೇ ಬಿಡಬಾರದು. ಬಿದ್ದವರ ಕೈಯಲ್ಲಿ ಕಬ್ಬಿಣ ಹಿಡಿಸುವುದು, ಮುಖಕ್ಕೆ ನೀರೆರಚುವುದು ಬೇಡ. ಪೆಟ್ಟಾಗದಂತೆ ತಲೆಗೆ ಆಸರೆ ಕೊಟ್ಟು ಒಂದೆರಡು ನಿಮಿಷ ಕಾದರೆ ತಾವಾಗಿಯೇ ಏಳುತ್ತಾರೆ. ಕಾಯುವಾಗ ಅವರ ವಿಷಯವಾಗಿ ಕೆಟ್ಟ ಮಾತನ್ನಾಡಬೇಡಿ, ಅವರು ಕೇಳುತ್ತಿರುತ್ತಾರೆ.

ಶಾಲೆಯಲ್ಲಿ ಮಾಡಬಹುದಾದುದು ಕಡಮೆಯೇನಲ್ಲ. ಮಧ್ಯಾಹ್ನ ಹದಿನೈದು ನಿಮಿಷ ಮಲಗಲು ಒಂದು ಮೂಲೆ. ತಪ್ಪಿಹೋದ ಪಾಠವನ್ನು ಬರೆದುಕೊಳ್ಳಲು ಸಹಪಾಠಿಯ ನೋಟುಪುಸ್ತಕ. ಪರೀಕ್ಷೆಗೆ ಮೊದಲು ಸ್ವಲ್ಪ ನಿದ್ದೆ. ಪರೀಕ್ಷೆಯ ವಿಶೇಷ ಸೌಕರ್ಯಗಳ ಬಗೆಗೆ ಒಂದು ಮಾತು. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ೨೧ ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿದೆ. ದೀರ್ಘಕಾಲದ ನರಸಂಬಂಧಿ ರೋಗಗಳೂ ಅದರಲ್ಲಿವೆ; ನಾರ್ಕೊಲೆಪ್ಸಿಯ ಹೆಸರನ್ನು ಬಿಡಿಸಿ ಹೇಳಿಲ್ಲ. ಆದರೆ ೨೦೨೧ರ ಫೆಬ್ರವರಿಯಲ್ಲಿ, ಬರೆಯುವಾಗ ಕೈ ಸೆಳೆಯುತ್ತಿದ್ದ ಪರೀಕ್ಷಾರ್ಥಿಯೊಬ್ಬನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ನೂರಕ್ಕೆ ನಲವತ್ತರ ಮಿತಿಯನ್ನು ಮುಟ್ಟದವರಿಗೂ ಲಿಪಿಕಾರನ ಸಹಾಯವನ್ನು ನಿರಾಕರಿಸಲಾಗದೆಂದು ತೀರ್ಪು ನೀಡಿತು. ಆದುದರಿಂದ ವೈದ್ಯರ ಪತ್ರದೊಡನೆ ಮುಖ್ಯೋಪಾಧ್ಯಾಯರ ಮೂಲಕ ಶಾಲಾವರ್ಷದ ಆರಂಭದಲ್ಲಿಯೇ ಅರ್ಜಿ ಸಲ್ಲಿಸಿರಿ. ಅದು ಬೇಡಿಕೊಳ್ಳುವುದಲ್ಲ, ಹಕ್ಕನ್ನು ಕೇಳುವುದು.

ಇಷ್ಟು ತಿಳಿದರೂ ರೋಗಿಗೆ ಬೇಕಾದ ಇನ್ನೊಂದುಂಟು; ತನ್ನಂಥ ಇನ್ನೊಬ್ಬರ ಮುಖ. ನಮ್ಮ ವಿದ್ಯಾರ್ಥಿ ಹೇಳಿದ ಒಂದು ಸಂಗತಿ ನಮ್ಮ ಮನಸ್ಸನ್ನು ತಟ್ಟಿತು. ಆಸ್ಪತ್ರೆಯ ಪಡಸಾಲೆಯಲ್ಲಿ ಅವನಿಗೆ ಅದೇ ರೋಗದ ಒಬ್ಬ ಗೃಹಿಣಿಯು ಸಿಕ್ಕಿದರಂತೆ. ಆಕೆ, "ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ, ನಗು ಬಂದೀತೆಂದು ಹೆದರಿಕೆ" ಎಂದರಂತೆ. ಇವನೂ ಹಾಗೆಯೇ ಗೆಳೆಯರನ್ನು ದೂರವಿಟ್ಟಿದ್ದನು. ನಗುವುದಕ್ಕೆ ಹೆದರಿ ಬದುಕುವವರು ತಾನೊಬ್ಬನೇ ಅಲ್ಲವೆಂದು ತಿಳಿದ ಆ ಅರ್ಧ ಗಂಟೆ, ಎರಡು ತಿಂಗಳ ಮಾತ್ರೆಯಷ್ಟು ಉಪಕಾರ ಮಾಡಿತೆಂದು ಅವನು ಹೇಳಿದನು. ಬ್ರಿಟನ್, ಅಮೆರಿಕಗಳಲ್ಲಿ ರೋಗಿಗಳೇ ಕೂಡಿ ಕಟ್ಟಿಕೊಂಡ ಸಂಘಗಳು ದಶಕಗಳಿಂದ ನಡೆಯುತ್ತಿವೆ. ೨೦೧೯ರಿಂದ ಸೆಪ್ಟೆಂಬರ್ ೨೨ನ್ನು ವಿಶ್ವ ನಾರ್ಕೊಲೆಪ್ಸಿ ದಿನವಾಗಿ ಆಚರಿಸುತ್ತಾರೆ. ಮನಸ್ಸು ಕುಗ್ಗಿದವರಿಗೆ ಭಾರತ ಸರಕಾರವು ೨೦೨೨ರ ಅಕ್ಟೋಬರಿನಲ್ಲಿ ತೊಡಗಿಸಿದ ಟೆಲಿ ಮಾನಸ್ ಸೇವೆಯಿದೆ. ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಅದು ನಿದ್ರಾರೋಗದ ಚಿಕಿತ್ಸೆಯಲ್ಲ. ಮನಸ್ಸಿನ ಭಾರವನ್ನು ಇಳಿಸುವ ಒಂದು ದಾರಿ.

ಮಾಹಿತಿಯನ್ನು ಅರಸುವಾಗ ವಿವೇಕವಿರಲಿ. ಯಾರು ಬರೆದರು, ಯಾವಾಗ ಬರೆದರು, ಬರೆದವರು ಏನನ್ನಾದರೂ ಮಾರುತ್ತಿದ್ದಾರೆಯೋ, ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಒಂದು ತಿಂಗಳಲ್ಲಿ ಬೇರುಸಹಿತ ಗುಣಪಡಿಸುತ್ತೇವೆನ್ನುವವರನ್ನು ದೂರವಿಡಿರಿ.

ಕೊನೆಯದಾಗಿ ನಮ್ಮ ಸಂಘದ ಕರ್ತವ್ಯ. ೧೯೫೬ರಲ್ಲಿ ರಾಜ್ಯಗಳ ಎಲ್ಲೆ ಬದಲಾದಂದಿನಿಂದ ನಾವು ಶಾಲೆ, ಕಚೇರಿ, ನಾಮಫಲಕಗಳಲ್ಲಿ ಕನ್ನಡಕ್ಕಾಗಿ ಕೇಳುತ್ತ ಬಂದಿದ್ದೇವೆ, ಕೇಳಲೇಬೇಕು. ಆದರೆ ಭಾಷೆಯಿಲ್ಲದೆ ಮನುಷ್ಯನು ಅತ್ಯಂತ ನಿಸ್ಸಹಾಯಕನಾಗುವ ಸ್ಥಳ ಆಸ್ಪತ್ರೆ. ತೂಕಡಿಕೆ, ಜೊಂಪು, ಮಂಪರು, ತಲೆಸುತ್ತು, ಮೂರ್ಛೆ, ಇವು ಐದೂ ಬೇರೆಬೇರೆ. ಇವುಗಳ ಭೇದವನ್ನು ಹೇಳಲಾರದೆ ಒಬ್ಬ ಹುಡುಗನು ಎರಡು ವರ್ಷ ಬೇರೆ ರೋಗದ ಮದ್ದು ತಿಂದನು. ಕರುಣೆಯುಳ್ಳ ವೈದ್ಯರು ಅಲ್ಲಿಯೂ ಇದ್ದರು. ನಡುವೆ ನಿಂತು ಮಾತು ದಾಟಿಸುವವರು ಇರಲಿಲ್ಲ. ಆದುದರಿಂದ ಮೂರು ಸಲಹೆಗಳನ್ನು ಸಂಘದ ಮುಂದೆ ಇಡುತ್ತೇವೆ. ಈ ರೋಗದ ಲಕ್ಷಣಗಳನ್ನೂ ಪರೀಕ್ಷೆಯ ಕ್ರಮವನ್ನೂ ಕನ್ನಡದಲ್ಲಿ ತಿಳಿಸುವ ಎರಡು ಪುಟದ ಕರಪತ್ರವನ್ನು ವೈದ್ಯರಿಗೆ ತೋರಿಸಿ ತಿದ್ದಿಸಿ ಅಚ್ಚುಹಾಕಿಸೋಣ. ಬರೆಯುವ ಕೆಲಸ ನಮ್ಮದು. ಕನ್ನಡ, ಮಲಯಾಳ ಎರಡನ್ನೂ ಬಲ್ಲ ತರುಣತರುಣಿಯರ ಒಂದು ಪಟ್ಟಿಯನ್ನು ಮಾಡಿ, ದೂರದ ಆಸ್ಪತ್ರೆಗೆ ಹೋಗುವ ಮನೆಯವರೊಡನೆ ಒಬ್ಬರನ್ನು ಕಳುಹಿಸೋಣ. ಪ್ರತಿವರ್ಷ ಶಾಲೆ ತೆರೆಯುವ ತಿಂಗಳಲ್ಲಿ ಅಧ್ಯಾಪಕರನ್ನು ಕೂಡಿಸಿ ಇಂಥ ಒಂದು ಗೋಷ್ಠಿಯನ್ನು ನಡೆಸೋಣ.

ನಮ್ಮ ವಿದ್ಯಾರ್ಥಿಯು ಈಗ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಊಟವಾದ ಮೇಲೆ ಇಪ್ಪತ್ತು ನಿಮಿಷ ಮಲಗಲು ಅಲ್ಲಿನ ಕಾರ್ಯದರ್ಶಿಗಳು ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದಾರೆ. ಅವನ ಅಕ್ಷರ ಪುಟದ ಕೊನೆಯವರೆಗೂ ದುಂಡಗಿರುತ್ತದೆಂದು ಅವನೇ ತೋರಿಸಿದನು. ಇಂದು ಸಭೆಯ ಹಿಂದಿನ ಸಾಲಿನಲ್ಲಿ ಯಾರಾದರೂ ತೂಕಡಿಸುತ್ತಿದ್ದರೆ ನಾವು ಎಬ್ಬಿಸುವುದಿಲ್ಲ. ಭಾಷಣ ದೀರ್ಘವಾಯಿತೆಂದು ಅದು ನಮ್ಮ ಮೇಲಿನ ದೂರಾಗಿದ್ದರೆ ಒಪ್ಪಿಕೊಳ್ಳುತ್ತೇವೆ. ಹಾಗಲ್ಲವಾದರೆ, ಸಭೆ ಮುಗಿದ ಮೇಲೆ ಬಂದು ನಮ್ಮೊಡನೆ ಮಾತನಾಡಿರಿ.